ಸಾಲಿನಲ್ಲಿ ಗಂಗಾಳ ಜಾಗ

ಹಿರಿಯೂರು, 12 ಡಿಸೆಂಬರ್ 2024

ಮುಖ್ಯೋಪಾಧ್ಯಾಯರಾದ ರವೀಂದ್ರ ಸರ್ ಅವರಿಗೆ,

ನಾಳೆ ಶಾಲೆ ನೋಡಲು ಬರುವ ಅಧಿಕಾರಿಗಳ ಮುಂದೆ ಮಕ್ಕಳು ಒಂದೊಂದು ಇಂಗ್ಲಿಷ್ ಪದದ ಕಾರ್ಡು ಹಿಡಿದು ವಾಕ್ಯವಾಗಿ ನಿಲ್ಲಬೇಕು. ಗಂಗಾ ಜಾಗ ತಪ್ಪುತ್ತಾಳೆ, ಮನೆಯಲ್ಲೇ ಇರಲಿ ಎಂದು ತಿಳಿಸಿಬರಲು ನೀವು ಹೇಳಿದ್ದಿರಿ. ಸಂಜೆ ಅವಳ ಮನೆಗೆ ಹೋಗಿದ್ದೆ. ಅವಳು ಅಭ್ಯಾಸಕ್ಕೆಂದು ನಾನು ಕೊಟ್ಟಿದ್ದ ಪದಗಳ ಕಾರ್ಡುಗಳನ್ನು ಕುರಿಮರಿಗಳ ಕೊರಳಿಗೆ ಕಟ್ಟಿ, ಒಂದೊಂದನ್ನೇ ಎತ್ತಿ ತಂದು ಸಾಲಾಗಿ ನಿಲ್ಲಿಸುತ್ತಿದ್ದಳು. ಅವಳ ಅಜ್ಜಿ ನಿಂಗಕ್ಕ ನಕ್ಕರು: "ಬರ್ರಿ ಮೇಡಂ, ನಿಮ್ಮ ಇಂಗ್ಲಿಷ್ನ ನಮ್ಮ ಮರಿ ತಿಂದೈತೆ! ನಾಳೆಗೆ ಇನ್ನೊಂದು ಬರ್ಕೊಡ್ರಿ."

ಹೇಳಲು ಹೋದ ವಿಷಯ ಹೇಳಲಾಗಲಿಲ್ಲ. ಹೊಸ ಕಾರ್ಡು ಬರೆದುಕೊಟ್ಟು ಬಂದೆ.

ಅವಳು ತಪ್ಪಿದರೆ ನನ್ನ ಅತಿಥಿ ಶಿಕ್ಷಕಿ ಕೆಲಸ ಉಳಿಯಲಾರದು ಎಂಬ ಭಯ ಬಿಡುತ್ತಿಲ್ಲ. ಆದರೂ ದಯವಿಟ್ಟು ಮಕ್ಕಳು ಸಾಲು ನಿಲ್ಲುವ ಹೊತ್ತಿಗೆ ಅವಳನ್ನು ತಪ್ಪಿಸಲೆಂದು ಬೇರೆ ಕೆಲಸಕ್ಕೆ ಕರೆಯಬೇಡಿ. ನಾಳೆ ಗಂಗಾಳನ್ನು ಸಾಲಿನಲ್ಲಿ ನಿಲ್ಲಿಸುತ್ತೇನೆ.

ಇಂತಿ,
ನಾಗಶ್ರೀ