ನಡುಗದ ಕನ್ನಡಿ

ಇಳಕಲ್ಲ
೨೧ ಫೆಬ್ರುವರಿ ೧೯೮೩, ಸೋಮವಾರ

ಪ್ರೀತಿಯ ಅಣ್ಣಾ,

ನಿನ್ನ ತಮ್ಮ ಕಾಶಪ್ಪನ ನಮಸ್ಕಾರ. ಭಿಲಾಯಿಯಲ್ಲಿ ಚಳಿ ಇಳಿಯಿತೇ? ಕುಲುಮೆಯ ಕಾವಿಗೆ ಕಣ್ಣು ಉರಿಯುತ್ತವೆ ಎಂದು ದೀಪಾವಳಿಗೆ ನೀನು ಬರೆದಿದ್ದೆ, ಈಗ ಹೇಗಿವೆ? ಅವ್ವನ ಮೊಣಕಾಲು ನೋವು ಹಾಗೆಯೇ ಇದೆ, ರೊಟ್ಟಿ ಬಡಿಯುವುದನ್ನು ಮಾತ್ರ ಬಿಟ್ಟಿಲ್ಲ. ನೀನು ಊರು ಬಿಟ್ಟು ಆರು ವರ್ಷವಾಯಿತೆಂದು ಯಾರಾದರೂ ಅಂದರೆ, ಐದೇ ಎಂದು ಜಗಳ ತೆಗೆಯುತ್ತಾಳೆ.

ನಿನ್ನ ಮೋಟಾರುಸೈಕಲ್ಲಿನ ವಿಷಯ ಬರೆಯಬೇಕಾಗಿದೆ. ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿದ್ದ ಅದನ್ನು ದಸರೆಯ ಹೊತ್ತಿಗೆ ಹೊರಗೆ ತೆಗೆದೆ. ಕಲ್ಲಿನ ವ್ಯಾಪಾರದ ಕಚೇರಿಯಲ್ಲಿ ಈಗ ನನಗೆ ವ್ಯಾಗನ್ ಬುಕ್ ಮಾಡಿಸುವ ಕೆಲಸ, ವಾರಕ್ಕೆ ಮೂರು ದಿನ ಬಾಗಲಕೋಟ ಸ್ಟೇಶನ್ನಿಗೆ ಹೋಗಬೇಕು. ಊರೊಳಗೆ ಗಾಡಿ ಚೆನ್ನಾಗಿಯೇ ಇತ್ತು. ಹುನಗುಂದ ದಾಟಿ ವೇಗ ಅರವತ್ತಕ್ಕೆ ಏರಿತೆಂದರೆ ಹ್ಯಾಂಡಲ್, ಸೀಟು, ಕಾಲಿಡುವ ಕಂಬಿ ಎಲ್ಲವೂ ನಡುಗಲು ಹತ್ತುತ್ತಿದ್ದವು. ಬಾಗಲಕೋಟ ಮುಟ್ಟುವಷ್ಟರಲ್ಲಿ ಬೆರಳು ಜೋಮು ಹಿಡಿದು, ನಾನು ಮಾಡಿದ ಸಹಿ ನನ್ನದೇ ಎಂದು ಗೂಡ್ಸ್ ಆಫೀಸಿನ ಗುಮಾಸ್ತ ನಂಬುತ್ತಿರಲಿಲ್ಲ. ಕಡೆಗೆ ಮುರ್ತುಜಸಾಬನಿಗೆ ತೋರಿಸಿದೆ. ನೀನು ಹೋದ ಮೇಲೆ ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಹಾಕಿದ ಮಿಸ್ತ್ರಿ, ಮಾತು ಕಡಿಮೆ, ಕೈ ಚೊಕ್ಕ. ಇಂಜಿನ್ನಿನ ಬೋಲ್ಟುಗಳನ್ನೆಲ್ಲ ಬಿಗಿದು ನೋಡಿ, ಇದು ಸಡಿಲಾದದ್ದರ ನಡುಕವಲ್ಲ, ಇಂಜಿನ್ ಹೆಚ್ಚು ತಿರುಗುವುದರ ನಡುಕ ಎಂದ. ಚೈನು ಹಾಯುವ ಮುಂದಿನ ಹಲ್ಲುಚಕ್ರಕ್ಕೆ ಹದಿನಾರು ಹಲ್ಲು ಇದ್ದವು. ಹದಿನೆಂಟರದ್ದು ಹಾಕಿದರೆ ಅದೇ ವೇಗಕ್ಕೆ ಇಂಜಿನ್ ಕಡಿಮೆ ಸುತ್ತು ತಿರುಗುತ್ತದೆ, ಏರಿನಲ್ಲಿ ಮಾತ್ರ ಎಳೆತ ಕಡಿಮೆ ಎಂದು ಮೊದಲೇ ಎಚ್ಚರಿಸಿದ. ಹುಬ್ಬಳ್ಳಿಯಿಂದ ಚಕ್ರ ತರಿಸಿ, ಚೈನಿಗೆ ಒಂದು ಕೊಂಡಿ ಕೂಡಿಸಿ ಹಾಕಿಕೊಟ್ಟ. ಅಮೀನಗಡದ ಏರಿನಲ್ಲಿ ಈಗ ಗೇರು ಇಳಿಸಲೇಬೇಕು, ಖರೆ. ಆದರೆ ಸಪಾಟು ರಸ್ತೆಯಲ್ಲಿ ಜೋಕಾಲಿಯಲ್ಲಿ ಕೂತ ಹಾಗೆ. ಮೊದಲು ವೇಗದಲ್ಲಿ ಮಸಕು ಮಸಕಾಗಿ ಕುಣಿಯುತ್ತಿದ್ದ ಕನ್ನಡಿ ಈಗ ಗೋಡೆಗೆ ತೂಗುಹಾಕಿದಂತೆ ನಿಂತಿತು. ಹಿಂದಿನ ರಸ್ತೆಯೆಲ್ಲ ಸ್ಪಷ್ಟ.

ಅದೇ ವಾರ, ಗುರುವಾರ ಮುಂಜಾನೆ ಹನ್ನೊಂದರ ಹೊತ್ತು. ಕಮತಗಿ ಇನ್ನೂ ಮೂರು ಮೈಲಿ ಇರುವಾಗ ರಸ್ತೆ ಬದಿಗೆ ಒಂದು ಬೇವಿನ ಮರವಿದೆ. ಅದರ ಕೆಳಗೆ ಯಾರೂ ಇರಲಿಲ್ಲ, ನೋಡಿಕೊಂಡೇ ದಾಟಿದೆ. ಕನ್ನಡಿಯಲ್ಲಿ ನೋಡಿದರೆ ನಡುರಸ್ತೆಯಲ್ಲಿ ಒಬ್ಬ ಮನುಷ್ಯ ಬಲಗೈ ಎತ್ತಿ ನಿಂತಿದ್ದ. ಬರಿತಲೆ, ಮೇಲಕ್ಕೆ ಕಟ್ಟಿದ ಧೋತರ, ಎಡಗಾಲಿನ ಮೊಣಕಾಲ ಕೆಳಗೆ ಬಿಗಿದ ಕೆಂಪು ಬಟ್ಟೆ. ಬ್ರೇಕ್ ಹಾಕಿ ತಿರುಗಿದೆ. ಬಿಸಿಲು, ಡಾಂಬರು, ಎರಡೂ ಕಡೆ ಜೋಳದ ಹೊಲ, ಅಷ್ಟೇ. ಶನಿವಾರ ಮತ್ತೆ ಕಂಡ. ಅಂದು ನಾನು ನಿಲ್ಲಿಸಲಿಲ್ಲ. ಮರ ಸಣ್ಣದಾಯಿತು, ಮೈಲಿಗಲ್ಲು ಸಣ್ಣದಾಯಿತು, ಆತ ಮಾತ್ರ ಸಣ್ಣವನಾಗಲಿಲ್ಲ. ಕಮತಗಿಯ ಮೊದಲ ಮನೆಗಳು ಬರುವವರೆಗೂ ಅಷ್ಟೇ ದೊಡ್ಡವನಾಗಿ, ಕೈ ಎತ್ತಿಕೊಂಡೇ ಇದ್ದ.

ಮುರ್ತುಜಸಾಬನಿಗೆ ಬೇವಿನ ಮರದ ಹತ್ತಿರ ಕನ್ನಡಿ ನೋಡು ಎಂದಷ್ಟೇ ಹೇಳಿ ಗಾಡಿ ಕೊಟ್ಟೆ. ಮಧ್ಯಾಹ್ನ ಮರಳಿ ಬಂದವನು ಬಹಳ ಹೊತ್ತು ಕೈ ತೊಳೆದ. ಆಮೇಲೆ ನನ್ನ ಮುಖ ನೋಡದೆ ಅಂದ: “ಹಳೇ ಹಲ್ಲುಚಕ್ರಾನ ಹಾಕಿ ಕೊಡ್ಲೇನ್ರಿ? ಕನ್ನಡಿ ನಡಗಿದ್ರ ಏನೂ ಕಾಣಂಗಿಲ್ಲ.”

ಬೇಡವೆಂದೆ. ಯಾಕೆಂದು ನನಗೂ ಗೊತ್ತಿರಲಿಲ್ಲ.

ಮೊನ್ನೆ ಗುರುವಾರ ಆ ಮರದ ಕೆಳಗೇ ಗಾಡಿ ನಿಲ್ಲಿಸಿ ಇಳಿದೆ. ಹೊಲದಲ್ಲಿ ಮೇವು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಕುಡುಗೋಲು ಹಿಡಿದೇ ಬದುವಿಗೆ ಬಂದಳು. ಮರೆವ್ವ ಎಂದು ಹೆಸರು. ನನ್ನನ್ನು ನೋಡಲಿಲ್ಲ, ಪೆಟ್ರೋಲ್ ಟಾಕಿಯನ್ನೇ ನೋಡಿದಳು. ನೀನೇ ಬಣ್ಣ ಹಚ್ಚಿದ್ದಲ್ಲ, ಹಸಿರಿನ ಮೇಲೆ ಬಿಳಿ ಪಟ್ಟಿ. “ಈ ಗಾಡಿ ನಾ ನೋಡೇನಿ,” ಅಂದಳು. ಆರು ವರ್ಷದ ಹಿಂದೆ, ಜೋಳ ಕೊಯ್ಯುವಾಗ, ಅವಳ ಗಂಡನಿಗೆ ಹಾವು ಕಚ್ಚಿತಂತೆ. ರುಮಾಲು ಬಿಚ್ಚಿ ಕಾಲಿಗೆ ಬಿಗಿದುಕೊಂಡು, ಮಂದಿ ಕರೆತರಲು ಅವಳನ್ನು ಓಡಿಸಿ, ತಾನು ಏಳುತ್ತ ಬೀಳುತ್ತ ರಸ್ತೆಗೆ ಬಂದನಂತೆ. ದೂರದ ಬದುವಿನ ಮೇಲಿಂದ ಅವಳು ತಿರುಗಿ ನೋಡಿದಾಗ ಆತ ಕೈ ಎತ್ತಿ ನಿಂತಿದ್ದ, ಈ ಗಾಡಿ ಬರುತ್ತಿತ್ತು. “ತುಸು ಸಾವಕಾಶ ಆತು. ಆಮ್ಯಾಲ ಹೋತು.” ಮಂದಿ ಬರುವಷ್ಟರಲ್ಲಿ ಆತ ಬೇವಿನ ಮರದ ಕೆಳಗೆ ಮಲಗಿಬಿಟ್ಟಿದ್ದ. ರುಮಾಲು ಯಾವ ಬಣ್ಣದ್ದು ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು. ಆಗ ಗಾಡಿ ಯಾರದಾಗಿತ್ತು ಎಂದು ಅವಳು ಕೇಳಿದಾಗ, ಹುಬ್ಬಳ್ಳಿಯಲ್ಲಿ ಕೊಂಡದ್ದೆಂದು ಸುಳ್ಳು ಹೇಳಿ ಬಂದೆ.

ಅಣ್ಣಾ, ಆ ವರ್ಷ ಒಂದು ಮಧ್ಯಾಹ್ನ ನೀನು ಗಾಡಿಯನ್ನು ಕೊಟ್ಟಿಗೆಗೆ ತಳ್ಳಿ, ಉಣ್ಣದೆ ಗೋಡೆಗೆ ಮುಖ ಮಾಡಿ ಮಲಗಿದ್ದು ನನಗೆ ನೆನಪಿದೆ. ತಿಂಗಳೊಳಗೆ ಭಿಲಾಯಿಗೆ ಹೊರಟೆ. ಅಪ್ಪನ ಮೇಲಿನ ಸಿಟ್ಟೆಂದು ತಿಳಿದೆವು, ಪಾಪ, ಅಪ್ಪನೂ ಸಾಯುವತನಕ ಹಾಗೆಯೇ ತಿಳಿದಿದ್ದ. ನಿನಗೆ ಏನು ಅವಸರವಿತ್ತೋ, ಏನು ಹೆದರಿಕೆಯಾಯಿತೋ, ನಾನು ತೀರ್ಪು ಹೇಳುವವನಲ್ಲ. ಮೊದಲ ದಿನ ತಿರುಗಿ ನೋಡಿ ಯಾರೂ ಇಲ್ಲವೆಂದು ಖಾತ್ರಿಯಾದಾಗ ನನ್ನ ಎದೆಯೂ ಹಗುರಾಗಿತ್ತು. ಆದರೆ ಆತ ಇನ್ನೂ ಹೋಗಿಲ್ಲ. ಇವತ್ತೂ ಕಂಡ.

ಕಣ್ಣಿಗೆ ತಣ್ಣೀರು ಹಾಕಿಕೊಳ್ಳುತ್ತಿರು, ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವನ ಆಶೀರ್ವಾದ ಇದ್ದೇ ಇದೆ.

ನಿನ್ನ ತಮ್ಮ,
ಕಾಶಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮರೆವ್ವ ಮನೆಗೇ ಬಂದಿದ್ದಾಳೆ. ಹಸಿರು ಟಾಕಿಯ ಗಾಡಿ ಯಾರದೆಂದು ರಸ್ತೆಯುದ್ದಕ್ಕೂ ಊರೂರಲ್ಲಿ ಕೇಳುತ್ತ ಬಂದಳಂತೆ. ಅವ್ವ ಏನೂ ತಿಳಿಯದೆ ಚಹಾ ಕೊಟ್ಟು, ಅದು ನಮ್ಮ ಹಿರಿಯ ಮಗ ಅಮಾತೆಪ್ಪನದು ಎಂದು ಹೇಳಿಬಿಟ್ಟಳು. ಮರೆವ್ವ ಕಟ್ಟೆಯ ಮೇಲೆ ಕೂತಿದ್ದಾಳೆ. “ನಾ ಜಗಳಕ್ಕ ಬಂದಿಲ್ಲ ತಮ್ಮಾ. ಅಂವಗ ಆಗ ಮಾತು ಬರತಿತ್ತೋ ಇಲ್ಲೋ, ಏನರ ಅಂದನೋ, ಅದನ್ನ ಕಂಡಾವ ನಿಮ್ಮಣ್ಣ ಒಬ್ಬನ. ಅಷ್ಟ ಕೇಳಬೇಕು,” ಅನ್ನುತ್ತಾಳೆ. ಅವ್ವನಿಗೆ ಎಲ್ಲ ತಿಳಿಯಿತು. ಈಗ ನನ್ನ ಬೆನ್ನ ಹಿಂದೆ ನಿಂತು ಒಂದೇ ಮಾತು ಹೇಳುತ್ತಿದ್ದಾಳೆ: “ಬಾ ಅಂತ ಬರಿ.”