ಮುದುಕಿ ಹಾಕಿದ ತಾಳ

ಲಾಂಡ್ರಿಯ ಹಿಂದಿನ ಕೋಣೆ,
ಹನ್ನೊಂದನೇ ತಾರೀಕು, ಮಂಗಳವಾರ, ಬೆಳಿಗ್ಗೆ

ನನ್ನ ಚಿನ್ನದಂಥ ಮಗಳೇ,

ಹೇಗಿದ್ದೀಯ? ಹಿಮ್ಮಡಿ ನೋವು ಇಳಿಯಿತಾ? ಡ್ಯೂಟಿ ಮುಗಿಸಿ ಬಂದ ಕೂಡಲೇ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂರು ಅಂತ ಹೋದ ಸಲವೂ ಬರೆದಿದ್ದೆ, ನೀನು ಮಾಡಿರುವುದಿಲ್ಲ ಅಂತ ನನಗೆ ಗೊತ್ತು. ಇಡೀ ವಾರ್ಡಿಗೆ ಬುದ್ಧಿ ಹೇಳುವ ನರ್ಸಮ್ಮನಿಗೆ ತನ್ನ ಕಾಲಿನ ಕಡೆ ನೋಡಲು ಮಾತ್ರ ಪುರುಸೊತ್ತಿಲ್ಲ. ನನ್ನ ಚಿಂತೆ ಬಿಡು. ಬಿ.ಪಿ. ಹಿಡಿತದಲ್ಲಿದೆ, ಇನ್ನೊಂದು ಹಲ್ಲು ಹೋಯಿತು, ಬಾಯಿ ಮಾತ್ರ ಮೊದಲಿನಷ್ಟೇ ಗಟ್ಟಿ. ನೀನು ಕಳಿಸಿದ ಸ್ವೆಟರ್ ತೋಳು ಉದ್ದವಾಯಿತು, ಮಡಚಿ ಹಾಕಿಕೊಳ್ಳುತ್ತೇನೆ.

ಈಗ ಸುದ್ದಿ. ನಿಂತಿದ್ದರೆ ಕೂತುಕೋ. ನಿನ್ನ ಮಗಳ ಹಾಡಿನ ರೆಕಾರ್ಡು ಮೊನ್ನೆ ಭಾನುವಾರ ರೇಡಿಯೋದವರ ಪಟ್ಟಿಯಲ್ಲಿ ಮೊದಲನೆಯದಾಗಿದೆ! ಹತ್ತನೆಯದಲ್ಲ, ಐದನೆಯದಲ್ಲ, ಮೊದಲನೆಯದು! ಅವಳ ಹೆಸರೆತ್ತಬೇಡ ಅಂತ ನೀನು ಹೇಳಿ ಹನ್ನೊಂದು ತಿಂಗಳಾಯಿತು, ನಾನೂ ಹೆಚ್ಚೇನೂ ಬರೆಯಲಿಲ್ಲ. ಫೋನಿನಲ್ಲಿ ಅವಳ ಮಾತು ಬಂದರೆ ಇಟ್ಟುಬಿಡುತ್ತೀಯ, ಕಾಗದವನ್ನು ಹಾಗೆ ಇಡುವುದಕ್ಕಾಗುವುದಿಲ್ಲ. ಇಟ್ಟರೂ ಮತ್ತೆ ತೆಗೆದು ಓದುತ್ತೀಯ, ಹೆತ್ತವಳಲ್ಲವೇ ನಾನು, ನಿನ್ನ ಗುಣ ನನಗೆ ಗೊತ್ತಿಲ್ಲವಾ?

ಅವಳು ಮಾಡಿದ್ದು ತಪ್ಪೇ. ನೀನು ಹೆಡ್ ಮೇಟ್ರನ್ ಕಾಲಿಗೆ ಬಿದ್ದ ಹಾಗೆ ಕೇಳಿಕೊಂಡು ಕೊಡಿಸಿದ ನರ್ಸಿಂಗ್ ಸೀಟು ಬಿಟ್ಟು, ಮೂರನೇ ತಿಂಗಳಿಗೆ ದಿಂಬಿನ ಮೇಲೆ ಒಂದು ಚೀಟಿಯಿಟ್ಟು ಇಲ್ಲಿಗೆ ಬಂದುಬಿಟ್ಟಳು. ಆಮೇಲೆ ಮೇಟ್ರನ್ ಎದುರು ತಲೆ ತಗ್ಗಿಸಿ ನಿಂತವಳು ನೀನು, ಅವಳಲ್ಲ. ಅದಕ್ಕೆ ನಾನು ಅವಳನ್ನು ಬೈದ ಬೈಗುಳ ಬರೆದರೆ ಈ ಕಾಗದ ಸಾಲದು. ಆದರೂ ನೀನು ಫೋನಿನಲ್ಲಿ ‘ಇನ್ನು ನನಗೆ ಮಗಳಿಲ್ಲ ಅಂದ್ಕೋತೀನಿ’ ಅಂದೆಯಲ್ಲ, ಆ ಮಾತು ಅವಳ ಕಿವಿಗೆ ಬಿತ್ತು, ಪಕ್ಕದಲ್ಲೇ ನಿಂತಿದ್ದಳು. ಅವತ್ತಿನಿಂದ ನೀನು ಮಾತಾಡಿಲ್ಲ, ಅವಳೂ ಮಾತಾಡಿಲ್ಲ. ಇಬ್ಬರ ನಡುವೆ ನಾನು, ಹಗ್ಗದ ಮೇಲೆ ಹಾಕಿದ ಬಟ್ಟೆಯ ಹಾಗೆ, ಎರಡೂ ಕಡೆ ಜೋತಾಡುತ್ತಿದ್ದೇನೆ.

ಇರಲಿ, ರೆಕಾರ್ಡಿನ ಕಥೆಗೆ ಬರುತ್ತೇನೆ. ಅವಳು ಬಂದ ಮಾರನೇ ದಿನವೇ ಹೋಟೆಲಿನ ಬೆಡ್‌ಶೀಟು ಮಡಚುವುದಕ್ಕೆ ಕೂರಿಸಿದೆ, ಬಿಟ್ಟಿ ಊಟ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅಜ್ಜಿಗೆ ಅರಿವೆ ಚಿಂತೆ ಅನ್ನುವ ಗಾದೆ ಯಾರೋ ನನ್ನನ್ನೇ ನೋಡಿ ಮಾಡಿರಬೇಕು, ಮೊಮ್ಮಗಳಿಗೆ ಮಾತ್ರ ಮದುವೆ ಬದಲು ಗಿಟಾರಿನ ಚಿಂತೆ. ಒಂದು ವಾರಕ್ಕೆ ಇನ್ನಿಬ್ಬರು ಬಂದು ಸೇರಿದರು. ಡ್ರಮ್ ಬಾರಿಸುವವನು ಗಾಳಿ ಬೀಸಿದರೆ ಹಾರುವಷ್ಟು ಸಣ್ಣ, ಅವನಿಗೆ ‘ಕಡ್ಡಿ’ ಅಂತ ಹೆಸರಿಟ್ಟೆ. ದಪ್ಪ ತಂತಿಯ ಗಿಟಾರಿನ ಹುಡುಗಿ ವಾರಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅವಳು ‘ಮೌನಿ’. ತಮ್ಮ ಬ್ಯಾಂಡಿಗೆ ಅವರು ಇಟ್ಟುಕೊಂಡ ಹೆಸರು ‘ಒದ್ದೆ ಕಾಲರ್’. ಅಭ್ಯಾಸಕ್ಕೆ ಜಾಗ ಬೇಕು ಅಂದರು. ಮಧ್ಯಾಹ್ನ ಆಸ್ಪತ್ರೆ ಬಟ್ಟೆ ಒಗೆಯುವಾಗ ಆ ಹಾಲ್‌ನಲ್ಲಿ ಹೇಗೂ ಯಾರ ಮಾತೂ ಕೇಳುವುದಿಲ್ಲ, ಅಲ್ಲೇ ಬಡಿದುಕೊಳ್ಳಿ ಅಂದೆ. ಬೆರಳು ತೋರಿಸಿದರೆ ಹಸ್ತ ನುಂಗುವ ಜಾತಿ, ಏಳು ತಿಂಗಳು ಜಾಗ ಬಿಡಲಿಲ್ಲ.

ನಮ್ಮ ‘ಮುದುಕಿ’ ನಿನಗೆ ನೆನಪಿದೆಯಲ್ಲ, ಗೋಡೆ ಪಕ್ಕದ ದೊಡ್ಡ ಮಷೀನು? ನಾಲ್ಕು ಕಾಲಲ್ಲಿ ಒಂದು ಮೋಟಾಗಿ, ತಿರುಗುವಾಗ ದಡ್, ದಡ್, ಆಮೇಲೆ ಒಂದು ಚೂರು ತಡವರಿಸಿ ದಡಾಕ್ ಅನ್ನುತ್ತಿತ್ತು. ಅದರ ಪಕ್ಕ ಕೂತೇ ನೀನು ಮಗ್ಗಿ ಕಲಿತವಳು, ಅದಕ್ಕೇ ಹದಿನೇಳರ ಮಗ್ಗಿಯಲ್ಲಿ ಇವತ್ತಿಗೂ ಒಂದೇ ಕಡೆ ತಡವರಿಸುತ್ತೀಯ. ಇವರು ಏಳು ತಿಂಗಳು ಅದರ ಪಕ್ಕದಲ್ಲೇ ಬಾರಿಸಿದರು. ಹಾಡನ್ನೆಲ್ಲ ಒಂದು ಕ್ಯಾಸೆಟ್ಟಿಗೆ ತುಂಬಿ ಸ್ಟುಡಿಯೋದವನಿಗೆ ಕೊಟ್ಟರು. ಗಡ್ಡ ಬಿಟ್ಟ ಆಸಾಮಿ, ‘ಗಡ್ಡದಯ್ಯ’ ಅನ್ನುತ್ತೇನೆ. ಅವನು ಕೇಳಿ, ಹಾಡು ಚೆನ್ನಾಗಿದೆ, ನಾನೇ ರೆಕಾರ್ಡು ಮಾಡಿಕೊಡುತ್ತೇನೆ, ಆದರೆ ಹಿಂದೆ ಅದೇನು ದಡಬಡ, ಅದು ಇರಬಾರದು ಅಂದನಂತೆ.

ಇಲ್ಲಿಂದ ನನ್ನ ಪೆದ್ದುತನ ಶುರು. ಪಾಪ, ನನ್ನ ಮಷೀನು ಮಕ್ಕಳ ಹಾಡು ಕೆಡಿಸುತ್ತಿದೆ ಅಂತ ನನಗೆ ಸಂಕಟವಾಯಿತು. ಅವರು ಸ್ಟುಡಿಯೋಗೆ ಹೋದ ದಿನವೇ ಗುಟ್ಟಾಗಿ ನಮ್ಮ ಹಳೇ ಮೆಕ್ಯಾನಿಕ್‌ನನ್ನು ಕರೆಸಿ ಮುದುಕಿಗೆ ಹೊಸ ಕಾಲು ಹಾಕಿಸಿದೆ. ಕೆಳಗೆ ರಬ್ಬರು, ಬೆಲ್ಟು ಬೇರೆ ಹೊಸದು. ಸುಯ್ಯ್ ಅಂತ ತಿರುಗಿತು ನೋಡು, ಯಾರ ಮನೆ ಮಷೀನೋ ಅನ್ನುವ ಹಾಗೆ. ಮಕ್ಕಳು ಬಂದರೆ ಎಷ್ಟು ಖುಷಿಪಡುತ್ತಾರೋ ಅಂತ ನಾನು ಮನಸ್ಸಲ್ಲೇ ಮಂಡಿಗೆ ತಿಂದೆ.

ಅಲ್ಲಿ ಸ್ಟುಡಿಯೋದಲ್ಲಿ ಮೂರು ದಿನ ಅವರ ಗತಿ ನಾಯಿಪಾಡು. ಗಾಜಿನ ಗೋಡೆಯ ಆಚೆ ಗಡ್ಡದಯ್ಯ, ಈಚೆ ಇವರು, ಕಿವಿಗೊಂದೊಂದು ಮುಚ್ಚಳ. ಅವನು ತಾಳಕ್ಕೆ ಅಂತ ಕಿವಿಯೊಳಗೆ ಟಿಕ್ ಟಿಕ್ ಅನ್ನುವ ಸದ್ದು ಬಿಟ್ಟ. ಎರಡು ಏಟು ಸರಿ, ಮೂರನೆಯದಕ್ಕೆ ಕಡ್ಡಿಯ ಕೈ ತಾನೇ ತಾನಾಗಿ ಹಿಂದೆ ಬೀಳುತ್ತದೆ. ಅವನು ಹಿಂದೆ ಬಿದ್ದರೆ ಮೌನಿ ಮುಂದೆ, ಇವಳ ಹಾಡು ನಡುವೆ ಅಡಕತ್ತರಿಯಲ್ಲಿ. ಒಂದು ಹಾಡು ಇಪ್ಪತ್ತಾರು ಸಲ ಬಾರಿಸಿದರು. ಮೂರನೇ ದಿನ ಮಧ್ಯಾಹ್ನ ಗಡ್ಡದಯ್ಯ ಟೇಪು ನಿಲ್ಲಿಸಿ, ನೀವು ಇನ್ನೆರಡು ವರ್ಷ ಕಲಿತು ಬನ್ನಿ ಅಂದನಂತೆ. ನಿನ್ನ ಮಗಳು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪೆಳೆದಳಂತೆ. ಆಗ ಮೌನಿ ಬಾಯಿಬಿಟ್ಟು ಎರಡೇ ಮಾತು ಹೇಳಿದಳು: ‘ಮುದುಕಿ ಇಲ್ಲ.’

ಹೌದಲ್ಲವೇ! ಒಂಬತ್ತು ಹಾಡೂ ಮುದುಕಿಯ ಕಾಲಿಗೆ ಕಟ್ಟಿದ ಹಾಡುಗಳು. ಅದು ತಡವರಿಸುವ ಕಡೆ ಇವರೂ ತಡವರಿಸಿ, ಅದೇ ತಾಳ ಅಂತ ಮೈಗೂಡಿಸಿಕೊಂಡಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವರದ್ದು ತದ್ವಿರುದ್ಧ, ನೆಲ ಡೊಂಕಿದ್ದರೇನೇ ಕುಣಿತ! ಅದೇ ಗಳಿಗೆಗೆ ಗಡ್ಡದಯ್ಯನನ್ನೂ ಅವನ ಪೆಟ್ಟಿಗೆಗಳನ್ನೂ ವ್ಯಾನಿಗೆ ತುಂಬಿಕೊಂಡು ಲಾಂಡ್ರಿಗೆ ಓಡಿಬಂದರು. ‘ಅಜ್ಜಿ, ಮುದುಕೀನ ಓಡ್ಸು, ಬೇಗ!’ ಅಂದಳು. ನಾನು ಬೀಗುತ್ತಾ ಹೋಗಿ ಸ್ವಿಚ್ ಒತ್ತಿದೆ. ಸುಯ್ಯ್. ‘ಹೇಗೆ? ಸದ್ದೇ ಇಲ್ಲ!’ ಅಂದೆ. ಆ ನಾಲ್ಕು ಮುಖ ನೀನು ನೋಡಬೇಕಿತ್ತು, ಇಂಗು ತಿಂದ ಮಂಗಗಳೇ ವಾಸಿ. ವಿಷಯ ತಿಳಿದ ಮೇಲೆ ನನ್ನ ಮುಖ ಅದಕ್ಕಿಂತ ಕಡೆಯಾಯಿತು. ಮಾಡಿದ್ದುಣ್ಣೋ ಮಹಾರಾಯ. ಅವಳು ಸೋಪಿನ ಮೂಟೆಯ ಮೇಲೆ ಕೂತು ಅತ್ತುಬಿಟ್ಟಳು. ಇಲ್ಲಿಗೆ ಬಂದ ಮೇಲೆ ನಾನು ಅವಳ ಅಳು ನೋಡಿದ್ದು ಅದೇ ಮೊದಲು. ನೀನು ಫೋನ್ ಇಟ್ಟ ದಿನವೂ ಅತ್ತಿರಲಿಲ್ಲ.

ಮೆಕ್ಯಾನಿಕ್‌ಗೆ ಹೇಳಿಕಳಿಸಿದೆ. ಬಂದವನು, ‘ಇಪ್ಪತ್ತೆಂಟು ವರ್ಷ ರಿಪೇರಿ ಮಾಡಿದ್ದೀನಮ್ಮ, ಕೆಡಿಸೋಕೆ ಅಂತ ನನ್ನ ಯಾರೂ ಕರೆದಿಲ್ಲ’ ಅಂತ ಕಣ್ಣಲ್ಲಿ ನೀರು ತಂದುಕೊಂಡ. ಅವನ ಕೈಗೆ ಟೀ ಕೊಟ್ಟು, ಆಚೆ ಕಡೆ ತಿರುಗಿ ನಿಂತುಕೋ ಅಂದು, ನಾನೇ ಪಾನಾ ಹಿಡಿದು ಆ ಹೊಸ ಕಾಲು ಬಿಚ್ಚಿದೆ. ಆದರೂ ಹಳೇ ತಾಳ ಬರಲಿಲ್ಲ, ಹೊಸ ಬೆಲ್ಟಿನ ಬಿಗಿ. ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತರು. ಆಗ ನನಗೆ ಹೊಳೆಯಿತು. ನಲವತ್ತು ವರ್ಷ ಅದರ ಹೊಟ್ಟೆ ತುಂಬಿಸಿದವಳು ನಾನು, ಏನು ತಿನ್ನಿಸಿದರೆ ಹೇಗೆ ನರಳುತ್ತದೆ ಅಂತ ನನಗೆ ತಿಳಿಯದಾ? ಹನ್ನೆರಡು ಆಸ್ಪತ್ರೆ ಶೀಟು ಹಾಕಿ, ಒಂದು ಒದ್ದೆ ಕಂಬಳಿ ಉಂಡೆ ಮಾಡಿ ಒಂದೇ ಪಕ್ಕಕ್ಕೆ ತುರುಕಿದೆ. ದಡ್, ದಡ್... ದಡಾಕ್! ಕಡ್ಡಿ ಎದ್ದು ನಿಂತು ನನ್ನನ್ನು ಎತ್ತಿಯೇಬಿಟ್ಟ, ಆ ಕಡ್ಡಿಯಲ್ಲಿ ಅಷ್ಟು ಕಸುವಿದೆ ಅಂತ ಯಾರಿಗೆ ಗೊತ್ತಿತ್ತು!

ಆಮೇಲೆ ನಾಲ್ಕು ದಿನ ಲಾಂಡ್ರಿಯೇ ಸ್ಟುಡಿಯೋ. ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದು ಅಂತ ಗಡ್ಡದಯ್ಯ ಹೋಟೆಲಿನ ಶೀಟುಗಳನ್ನೆಲ್ಲ ಹಗ್ಗಕ್ಕೆ ನೇತುಹಾಕಿದ. ಜೋರಿನ ಹಾಡಿಗೆ ನಾನು ದಿಂಬಿನ ಕವರು ಹಾಕುತ್ತಿದ್ದೆ, ನಿಧಾನದ ಹಾಡಿಗೆ ಕಂಬಳಿ. ‘ಅಜ್ಜಿ, ಇನ್ನೊಂದು ಟವೆಲ್ ಭಾರ ಬೇಕು’ ಅಂತ ಗಡ್ಡದಯ್ಯ ಮರ್ಯಾದೆಯಿಂದ ಕೇಳುತ್ತಿದ್ದ. ಹೋಟೆಲ್ ಮ್ಯಾನೇಜರ್ ಬಂದು ನನ್ನ ಶೀಟೆಲ್ಲಿ ಅಂತ ಕೂಗಾಡಿದ, ಆ ಕೂಗಾಟದ ಎರಡು ಗಳಿಗೆ ಐದನೇ ಹಾಡಿನ ಕೊನೆಯಲ್ಲಿ ಹಾಗೇ ಉಳಿದುಕೊಂಡಿದೆ. ಈಗ ಅದೇ ಮನುಷ್ಯ, ರೆಕಾರ್ಡಿನಲ್ಲಿ ಇರುವುದು ನಮ್ಮ ಹೋಟೆಲಿನ ಶೀಟು ಅಂತ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ!

ರೆಕಾರ್ಡಿನ ಹೆಸರು ‘ಹಿಂಡುವ ಹೊತ್ತು’. ಐದು ವಾರದ ಹಿಂದೆ ಅಂಗಡಿಗೆ ಬಂತು. ಮೊದಲ ವಾರ ನೆಂಟರಿಷ್ಟರು ಬಿಟ್ಟರೆ ಒಂದು ನರಪಿಳ್ಳೆ ಕೊಳ್ಳಲಿಲ್ಲ. ನಾನು ಕೌಂಟರಿನಲ್ಲಿ ಸೋಪಿನ ಪಕ್ಕ ಜೋಡಿಸಿಟ್ಟು, ಶರ್ಟು ಒಯ್ಯಲು ಬಂದವರ ಕೈಗೆ ತುರುಕಿದೆ. ಹಾಗೆ ಒಯ್ದವರಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುವ ರೇಡಿಯೋದವಳೂ ಒಬ್ಬಳು. ಹಾಡು ಹಾಕಿ, ಇದರ ಹಿಂದೆ ಕೇಳುವ ದಡ್ ದಡ್ ಏನು ಹೇಳಿ ನೋಡೋಣ ಅಂದಳು. ಒಂದು ವಾರ ಊರೆಲ್ಲ ಅದೇ ಮಾತು. ರೈಲು ಅಂದರು, ಎದೆ ಬಡಿತ ಅಂದರು, ಯಾರೋ ಬಡಗಿ ಬಾಗಿಲು ಕೂರಿಸುತ್ತಿದ್ದಾನೆ ಅಂದರು. ಬಟ್ಟೆ ಒಗೆಯುವ ಮಷೀನು ಅಂತ ಗೊತ್ತಾದ ದಿನ ಅಂಗಡಿಗಳ ಮುಂದೆ ಸಾಲು! ಒಂಬತ್ತೇ ದಿನಕ್ಕೆ ಅಚ್ಚು ಹಾಕಿಸಿದ್ದೆಲ್ಲ ಖಾಲಿ. ಬಸ್ಸಿನಲ್ಲಿ ಹುಡುಗರು ಮುಂದಿನ ಸೀಟಿನ ಬೆನ್ನಿಗೆ ದಡ್ ದಡ್ ದಡಾಕ್ ಅಂತ ಬಡಿಯುತ್ತಾರೆ, ಔಷಧಿ ಅಂಗಡಿಯವನು ನನ್ನ ಬಿ.ಪಿ. ಮಾತ್ರೆ ಕೊಡುವಾಗ ಅದೇ ಗುನುಗುತ್ತಾನೆ. ಕವರಿನ ಹಿಂದೆ ಕಡ್ಡಿ, ಮೌನಿ, ನನ್ನ ಮೊಮ್ಮಗಳು, ಅದರ ಕೆಳಗೆ ‘ತಾಳ: ಮುದುಕಿ. ಮುದುಕಿಯ ಹೊಟ್ಟೆ ತುಂಬಿಸಿದವರು: ಅಜ್ಜಿ’ ಅಂತ ಅಚ್ಚಾಗಿದೆ. ಗಮನಿಸಿದೆಯಾ? ತಪ್ಪು ಮಾಡಿದಾಗ ಅವಳು ನಿನ್ನ ಮಗಳು, ಗೆದ್ದಾಗ ನನ್ನ ಮೊಮ್ಮಗಳು. ಈ ವಯಸ್ಸಿಗೆ ಅಷ್ಟು ಸ್ವಾರ್ಥ ಇರಲಿ ಬಿಡು.

ಏಳನೇ ಹಾಡಿನ ಬಗ್ಗೆ ಮಾತ್ರ ಹೇಳಿಬಿಡುತ್ತೇನೆ. ಕಿಟಕಿಯಲ್ಲಿ ಒಣಗಲು ಇಟ್ಟ ಬಿಳಿ ಶೂ ಬಗ್ಗೆ ಇದೆ. ‘ನಿಂತೇ ಇರುವವಳೇ, ಒಂದು ಗಳಿಗೆ ಕೂರು’ ಅಂತ ಬರುತ್ತದೆ. ಯಾರ ಶೂ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅದನ್ನು ಹಾಡುವ ದಿನ ಏಳು ಕಂಬಳಿ ಹಾಕಿದ್ದೆ, ಅತ್ತೂ ಅತ್ತೂ ಮಷೀನು ನಿಲ್ಲಿಸುವುದೇ ಮರೆತೆ. ಅದಕ್ಕೇ ಆ ಹಾಡು ಮುಗಿದ ಮೇಲೂ ದಡ್ ದಡ್ ಅಂತ ಸ್ವಲ್ಪ ಹೊತ್ತು ನಡೆಯುತ್ತಲೇ ಇರುತ್ತದೆ. ಜನಕ್ಕೆ ಅದೇ ಇಷ್ಟವಂತೆ.

ಆಸ್ಪತ್ರೆಯ ಗಾಡಿ ಬಂತು, ಬಟ್ಟೆ ಇಳಿಸಿಕೊಳ್ಳಬೇಕು. ಮೆಕ್ಯಾನಿಕ್ ನಿನ್ನನ್ನು ಕೇಳಿದೆ ಅಂತ ಹೇಳಲು ಹೇಳಿದ್ದಾನೆ, ನನ್ನ ಮೇಲಿನ ಸಿಟ್ಟು ಮಾತ್ರ ಅವನಿಗೆ ಇನ್ನೂ ಇಳಿದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಾಲಿಗೆ ಬಿಸಿನೀರು ಮರೆಯಬೇಡ. ನೂರು ಕಾಲ ತಣ್ಣಗಿರು ನನ್ನ ಕಂದ.

ನಿನ್ನ ಹೆತ್ತಮ್ಮ,
ಮುದುಕಿಯ ಯಜಮಾನಿ

ಮತ್ತೆ: ಕವರು ಅಂಟಿಸಿದ್ದೆ, ಹರಿದು ಬರೆಯುತ್ತಿದ್ದೇನೆ, ಗಾಡಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಇವರು ಹನ್ನೆರಡು ಊರಲ್ಲಿ ಹಾಡಲು ಹೊರಟಿದ್ದಾರೆ. ನಾಲ್ಕನೆಯದು ನಿನ್ನ ಊರು. ಇಪ್ಪತ್ತೆರಡನೇ ತಾರೀಕು, ಶನಿವಾರ, ಸಂಜೆ ಐದು ಗಂಟೆ, ನಿನ್ನ ಆಸ್ಪತ್ರೆಯಿಂದ ಬಸ್ಸಲ್ಲಿ ಎರಡೇ ಸ್ಟಾಪು. ಇನ್ನೊಂದು, ಬೈಯಬೇಡ. ಹನ್ನೊಂದು ತಿಂಗಳು ಪ್ರತಿ ಕಾಗದದ ಕೊನೆಗೆ ‘ನಿನ್ನ ಮಗಳು ನಿನ್ನನ್ನು ಕೇಳಿದಳು’ ಅಂತ ಬರೆದೆ, ಸುಳ್ಳು. ‘ಅಮ್ಮ ನಿನ್ನನ್ನು ಕೇಳಿದ್ದಾಳೆ’ ಅಂತ ಅವಳಿಗೂ ಹೇಳುತ್ತಾ ಬಂದೆ, ಅದೂ ಸುಳ್ಳು. ಇಬ್ಬರಲ್ಲಿ ಒಬ್ಬರೂ ಒಂದು ಸಲವೂ ಕೇಳಿರಲಿಲ್ಲ. ನಿನ್ನೆ ಶೀಟು ಮಡಚುತ್ತಾ, ನನ್ನ ಮುಖ ನೋಡದೆ, ‘ಅಜ್ಜಿ, ಅಮ್ಮ ಬರ್ತಾಳಾ?’ ಅಂದಳು. ನಿಜವಾಗಿಯೂ ಕೇಳಿದಳು ಕಣೇ, ಆಣೆ ಮಾಡಿ ಹೇಳುತ್ತೇನೆ. ‘ಬರ್ದೇ ಇರ್ತಾಳಾ, ಆಗಲೇ ರಜೆ ಹಾಕಿದ್ದಾಳೆ’ ಅಂದುಬಿಟ್ಟೆ. ರಜೆ ಹಾಕು.