ಸುಣ್ಣ ಬಳಿದ ಗಾಜು

ಶಿಡ್ಲಘಟ್ಟ
8 ಜುಲೈ 1991

ಗೌರಿಬಿದನೂರಿನಲ್ಲಿ ಮುನಿಸಿಕೊಂಡು ಕೂತಿರುವ ನನ್ನ ಇಂಜಿನಿಯರ್ ಸಾಹೇಬರಿಗೆ, ಗೌಹರ್ ಮಾಡುವ ಸಲಾಂ.

ಉರ್ದುವಿನಲ್ಲಿ ಬರೆದರೆ ಅಬ್ಬಾ ಓದಿಬಿಡುತ್ತಾರೆ. ಅದಕ್ಕೇ ಕನ್ನಡ. ನೀವು ಅವರೊಡನೆ ಜಗಳವಾಡಿ ಬಸ್ಸು ಹತ್ತಿದಿರಿ, ನಾನು ತವರಲ್ಲೇ ಉಳಿದೆ. ಯಾರ ಪಕ್ಷವೆಂದು ಕೇಳಬೇಡಿ.

ರೇಷ್ಮೆ ನೂಲು ತೆಗೆಯುವ ಕೋಣೆಯ ಬೀಮಿನಲ್ಲಿ, ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ಹೋದಿರಲ್ಲ, ಅದರ ಸಮಾಚಾರ ಇದು. ಗೂಡು ಬೇಯಿಸುವ ಹಬೆಗೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬುತ್ತಿದೆ, ಬಿರುಕು ಬೆಳೆದರೆ ಗಾಜು ಒಡೆಯುತ್ತದೆ, ಒಡೆದ ದಿನ ಎಲ್ಲರನ್ನೂ ಹೊರಗೆ ಕಳಿಸಿ ಎಂದಿದ್ದಿರಿ. ತಾವು ನಿಂತು ಕಟ್ಟಿಸಿದ ಛಾವಣಿಗೆ ಅಳಿಯ ಹುಳುಕು ಹುಡುಕಿದನೆಂದು ಅಬ್ಬಾ ಕೆಂಡವಾದರು.

ಹೊಗೆ ಹಿಡಿದ ಆ ಕೋಣೆ ಎಂದೂ ಸುಣ್ಣ ಕಂಡಿದ್ದಿಲ್ಲ. ಈ ಬಕ್ರೀದಿಗೆ ಅಬ್ಬಾ ತಾವೇ ಏಣಿ ಹತ್ತಿ ಬೀಮಿಗೆ ಬಳಿದರು, ಗಾಜನ್ನೂ ಬಿಡಲಿಲ್ಲ. ಕೇಳಿದ್ದಕ್ಕೆ ಹಬ್ಬ ಅಂದರು. ನನಗೆ ಅನುಮಾನ. ಮೊನ್ನೆ ಶುಕ್ರವಾರ ಅವರು ನಮಾಜಿಗೆ ಹೋದಾಗ ಏಣಿ ಹಾಕಿ ಒದ್ದೆ ಬಟ್ಟೆಯಿಂದ ಒರೆಸಿದೆ. ಗಾಜು ನಡುವೆ ಎರಡು ತುಂಡಾಗಿತ್ತು.

ನಿಮ್ಮನ್ನು ಕೇಳಿ ಕೂರುವಷ್ಟು ಸಮಯವಿರಲಿಲ್ಲ. ಒಲೆಗಳನ್ನು ಆರಿಸಿ, ನೂಲು ತೆಗೆಯುವ ಅಮ್ಮಾಜಮ್ಮನನ್ನೂ ಉಳಿದ ಹೆಂಗಸರನ್ನೂ ಕರೆದುಕೊಂಡು ರಾಟೆಗಳನ್ನೆಲ್ಲ ಅಂಗಳಕ್ಕೆ ಸಾಗಿಸಿದೆ. ಅಬ್ಬಾ ಬಂದು ನೋಡಿದರು. ಬೈಯಲಿಲ್ಲ, ಆ ದಿನ ಊಟ ಬಿಟ್ಟರು ಅಷ್ಟೆ.

ನಿನ್ನೆ ಮಧ್ಯಾಹ್ನ ಬೀಮಿನ ಅಡಿಭಾಗ ಕಳಚಿ ಬಿತ್ತು. ಅದರ ಕೆಳಗಿದ್ದ ಒಲೆ ಪುಡಿಪುಡಿ. ಒಳಗೆ ಯಾರೂ ಇರಲಿಲ್ಲ, ಅಲ್ಲಾಹನ ದಯೆ. ಅಬ್ಬಾ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ನನ್ನ ಪಕ್ಕ ಕೂತು ಹೇಳಿದರು: "ಅಳಿಯಂದಿರನ್ನ ಕರೆಸು ಬೇಟಾ. ಉಳಿದಿದ್ದು ಎಷ್ಟು ದಿನ ನಿಲ್ಲುತ್ತೆ ಅಂತ ಅವರೇ ನೋಡಿ ಹೇಳ್ಲಿ."

ಬನ್ನಿ. ಗಾಜು ಅಂಟಿಸಿ ಆಮೇಲೆ ಇತ್ತ ತಲೆಹಾಕದ ನಿಮ್ಮ ಮೇಲೆ ನನಗೂ ಕೋಪವಿದೆ. ಆದರೂ ನೀವಿಲ್ಲದೆ ನನಗೆ ಬೇಜಾರು.

ನಿಮ್ಮ
ಗೌಹರ್

ಮರೆತ ಮಾತು: ಪುಡಿಯಾದ ಒಲೆ ಅಮ್ಮಾಜಮ್ಮನದು. ಸುಣ್ಣ ಬಳಿದ ಮಾರನೆಯ ದಿನವೇ ಅಬ್ಬಾ, ಅವಳ ಕೈ ನಿಧಾನವೆಂದು ಹೇಳಿ ಬಾಗಿಲ ಬಳಿಗೆ ಕಳಿಸಿ, ಅವಳ ಒಲೆಯ ಮುಂದೆ ತಾವೇ ಕೂತು ನೂಲು ತೆಗೆಯತೊಡಗಿದ್ದರು. ಯಜಮಾನರಿಗೆ ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನಾವೆಲ್ಲ ನಕ್ಕಿದ್ದೆವು. ನಿಮ್ಮ ಮಾತನ್ನು ಅವರು ಅಂದೇ ನಂಬಿದ್ದರು. ಬಂದಾಗ ಗಾಜಿನ ಸುದ್ದಿ ಎತ್ತಬೇಡಿ.